ಬಸ್ತ್ಯಾಂವನ ಸಣ್ಣ ಬೆಂಕಿ

ಹೊಸದಾಗಿ ಬಂದವರು ನೋಡಿದರೆ, ಈ ಮನುಷ್ಯ ಎಣ್ಣೆಯ ಡ್ರಮ್ಮಿಗೆ ಪೂಜೆ ಮಾಡುತ್ತಿದ್ದಾನೆ ಎಂದೇ ತಿಳಿಯುತ್ತಿದ್ದರು. ಖಾನಾಪುರದ ತನ್ನ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ, ಬಸ್ತ್ಯಾಂವ್ ತನ್ನ ಬಲ ಅಂಗೈಯನ್ನು ಡ್ರಮ್ಮಿನ ಮುಚ್ಚಳದ ಮೇಲೆ ಪೂರ್ತಿ ಒತ್ತಿಟ್ಟು, ಕಣ್ಣು ಮುಚ್ಚಿ, ಮೇರಿ ಮಾತೆಯ ಜಪವನ್ನು ಕೊಂಕಣಿಯಲ್ಲಿ ಗಡಗಡ ಹೇಳುತ್ತಿದ್ದ. ದನಿ ಕೇಳುತ್ತಿರಲಿಲ್ಲ, ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ‘ಆಮೆನ್’ ಬಂದ ಕೂಡಲೇ ಕೈ ಎತ್ತುತ್ತಿದ್ದ. ಒಮ್ಮೊಮ್ಮೆ ಜಪ ಅರ್ಧದಲ್ಲಿರುವಾಗಲೇ ಕೈ ಕಿತ್ತು ಪ್ಯಾಂಟಿಗೆ ಒರೆಸಿಕೊಂಡು, ಕೆಳಗೆ ಬಗ್ಗಿ ಗಾಳಿಕಿಂಡಿಯ ತಗಡನ್ನು ಒಂದು ಎಳೆಯಷ್ಟು ಸರಿಸುತ್ತಿದ್ದ. ಅದು ಪೂಜೆಯಲ್ಲ, ಶಾಖದ ಅಳತೆ.

ಮುಚ್ಚಳಕ್ಕೆ ಅವನು ಖಾನಾಪುರದ ಕುಂಬಾರರ ಮಣ್ಣನ್ನು ರೊಟ್ಟಿಯಷ್ಟು ದಪ್ಪ ಮೆತ್ತಿದ್ದ. ಆ ಮಣ್ಣಿನ ಮೇಲೆ ಕೈಯಿಟ್ಟು, ಜಪ ಮುಗಿಯುವ ಹೊತ್ತಿಗೆ ಸಾಕಪ್ಪಾ ಸಾಕು ಅನಿಸಿದರೆ ಒಳಗಿನ ಬೆಂಕಿ ಸರಿಯಾಗಿದೆ. ಅರ್ಧಕ್ಕೇ ಕೈ ಎಳೆದುಕೊಳ್ಳಬೇಕಾಗಿ ಬಂದರೆ ಬೆಂಕಿ ಏರಿದೆ. ಇನ್ನೊಂದು ಜಪ ಆರಾಮಾಗಿ ಹೇಳಬಹುದು ಅನಿಸಿದರೆ ಬೆಂಕಿ ಸಾಯುತ್ತಿದೆ. ಇಷ್ಟೇ ಅವನ ಶಾಸ್ತ್ರ. ಒಮ್ಮೆ ನಾನೂ ಕೈಯಿಟ್ಟು ನಮ್ಮ ಣಮೋಕಾರ ಮಂತ್ರ ಹೇಳಲು ಹೋಗಿ, ನಡುವೆಯೇ ‘ಅಯ್ಯಯ್ಯೋ’ ಎಂದು ಹಿಂದೆ ಜಿಗಿದಿದ್ದೆ. ಬಸ್ತ್ಯಾಂವ್ ಬಿದ್ದು ಬಿದ್ದು ನಕ್ಕ. “ನಿಮ್ಮ ಮಂತ್ರ ಉದ್ದ ಐತ್ರಿ ಜಿನ್ನಪ್ಪಣ್ಣಾರ. ಅದು ಮೋಕ್ಷಕ್ಕ ಸರಿ, ಡ್ರಮ್ಮಿಗಿ ಆಗಂಗಿಲ್ಲ,” ಅಂದ.

ನಾನು ಬೆಳಗಾವಿಯವನು. ಕೋಟೆಯ ಹತ್ತಿರ ಮನೆ, ಉದ್ಯಮಬಾಗದಲ್ಲಿ ಅಂಗಡಿ. ಫೌಂಡ್ರಿಗಳಿಗೆ ಬೇಕಾಗುವ ವಾಲ್ವು, ಗೇಜು, ಉಷ್ಣತೆ ತೋರಿಸುವ ಮೀಟರು ಇವೆಲ್ಲ ಮಾರುವುದು ನಮ್ಮ ಕಸುಬು. ಜೈನರ ಮನೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ಕೂಡ ಒಳಗೆ ಬರುವುದಿಲ್ಲ. ಅಂಥವನಿಗೆ ಹಂದಿ ಮಾಂಸಕ್ಕೆ ಹೊಗೆ ಕೊಡುವವನೊಬ್ಬ ಆಪ್ತ ಗೆಳೆಯನಾದದ್ದು ಹೇಗೆ ಎಂದು ನಮ್ಮ ಬಳಗದವರು ಇವತ್ತಿಗೂ ಕೇಳುತ್ತಾರೆ. ಹೇಗೆ ಅಂದರೆ ಏನು ಹೇಳಲಿ? ಜಗಳದಿಂದ ಆಯಿತು.

ಬಸ್ತ್ಯಾಂವ್ ಆಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೋರು ಬೇಯಿಸುವ ಒಲೆಯ ಮುಂದೆ ಇದ್ದ. ಎರಕ ಹೊಯ್ಯುವಾಗ ಒಳಗೆ ಟೊಳ್ಳು ಉಳಿಯಬೇಕಾದ ಜಾಗಕ್ಕೆ ಮರಳಿನ ಅಚ್ಚು ಇಡುತ್ತಾರೆ, ಅದೇ ಕೋರು. ಎಣ್ಣೆ ಕಲಸಿದ ಆ ಮರಳನ್ನು ಸಣ್ಣ ಉರಿಯಲ್ಲಿ ನಿಧಾನ ಬೇಯಿಸಬೇಕು. ಉರಿ ಹೆಚ್ಚಾದರೆ ಸುಟ್ಟು ಪುಡಿಯಾಗುತ್ತದೆ, ಕಡಿಮೆಯಾದರೆ ಎತ್ತುವಾಗಲೇ ಮುರಿಯುತ್ತದೆ. ಒಂದು ದಿನ ಈ ಆಸಾಮಿ ನಮ್ಮ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ ಮೀಟರನ್ನು ಮೇಜಿನ ಮೇಲೆ ಕುಕ್ಕಿ, “ನಿಮ್ಮ ಮೀಟರ್ ಸುಳ್ಳ ಹೇಳತೈತ್ರಿ! ಒಲಿ ಬ್ಯಾರೆ ಹೇಳತೈತಿ, ಇದು ಬ್ಯಾರೆ ಹೇಳತೈತಿ,” ಎಂದು ಕೂಗಾಡಿದ. ನನಗೂ ಸಿಟ್ಟು ಬಂತು. ಚಹಾದ ಅಂಗಡಿಯಿಂದ ಕುದಿಯುವ ನೀರು ತರಿಸಿ, ಎಲ್ಲರ ಮುಂದೆ ಮೀಟರನ್ನು ಅದರಲ್ಲಿ ಅದ್ದಿದೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಬಸ್ತ್ಯಾಂವ್ ಮುಳ್ಳನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ. “ಅಂದ್ರ ಇವತ್ತ ನನ್ನ ಕೈನ ಸುಳ್ಳ ಹೇಳೇತ್ರಿ,” ಅಂದವನೇ ನಗತೊಡಗಿದ. ತಪ್ಪನ್ನು ಅಷ್ಟು ಹಗುರವಾಗಿ ಒಪ್ಪಿಕೊಂಡವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದೇ ನೀರಿನಲ್ಲಿ ಚಹಾ ಮಾಡಿಸಿ ಇಬ್ಬರೂ ಕುಡಿದೆವು. ಅಷ್ಟಾದರೂ ಮೀಟರನ್ನು ಅವನು ನಂಬಿದ ಅಂದುಕೊಳ್ಳಬೇಡಿ. ಮರುದಿನದಿಂದ ಮತ್ತೆ ಕೈಯೇ.

ಕೆಲವು ವರ್ಷಗಳ ಮೇಲೆ ಬೇಯಿಸದೆಯೇ ಗಟ್ಟಿಯಾಗುವ ಹೊಸ ಬಗೆಯ ಕೋರು ಬಂತು. ಒಲೆ ಆರಿತು, ಬಸ್ತ್ಯಾಂವನ ಕೆಲಸವೂ ಹೋಯಿತು. ಅವನು ಹೆಂಡತಿಯ ಊರಾದ ಖಾನಾಪುರಕ್ಕೆ ಹೋಗಿ ನೆಲೆಸಿದ. ಅವನ ಹೆಂಡತಿ ಕಾರ್ಮಿನ್. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಮಾತಾಡಿದರೆ ಮಾತ್ರ ಚಾಕುವಿನಂತೆ ನೇರ. ಅವರ ಮನೆಯಲ್ಲಿ ಹಬ್ಬಕ್ಕೆಂದು ವಿನೆಗರು, ಮೆಣಸು, ಬೆಳ್ಳುಳ್ಳಿಯಲ್ಲಿ ನೆನೆಹಾಕಿದ ಮಾಂಸವನ್ನು ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿ ಹೊಗೆ ಹಿಡಿಸುವ ರೂಢಿ ಮೊದಲಿನಿಂದ ಇತ್ತು. ಬಸ್ತ್ಯಾಂವ್ ಅದನ್ನು ನೋಡಿ, ಇದು ನನ್ನ ಕೋರಿನ ಒಲೆಯಲ್ಲದೆ ಇನ್ನೇನು ಅಂದುಕೊಂಡ. ಒಂದು ಹಳೆಯ ಡ್ರಮ್ಮು ತಂದು, ಒಳಗೆಲ್ಲ ಸುಟ್ಟು ಎಣ್ಣೆ ಹೋಗಲಾಡಿಸಿ, ಕೆಳಗೆ ಗಾಳಿಕಿಂಡಿ, ಮೇಲೆ ಹೊಗೆಕೊಳವೆ ಕೂರಿಸಿದ. ಬೆಳಗಾವಿಯ ಕ್ಯಾಂಪ್ ಬಡಾವಣೆಯವರು, ಗೋವಾಕ್ಕೆ ಹೋಗುವ ಕಾರಿನವರು ಹುಡುಕಿಕೊಂಡು ಬರತೊಡಗಿದರು.

ನಾನು ಅಂಗಡಿ ಮುಚ್ಚುವ ದಿನ ಸ್ಕೂಟರು ಹತ್ತಿ ಹೋಗಿ ಅವನ ಮುಂದೆ ಕೂರುತ್ತಿದ್ದೆ. ಮಾಂಸ ನನಗೆ ಬೇಡ, ಆದರೆ ಆ ಬೆಂಕಿ ಮಾತ್ರ ನೋಡಬೇಕು. ಇದ್ದಲಿಯನ್ನು ರಾಶಿ ಹಾಕಿ ಹೊತ್ತಿಸುವುದಲ್ಲ. ಡ್ರಮ್ಮಿನ ತಳದಲ್ಲಿ ಅಂಚಿಗುಂಟ ಹಾವಿನ ಹಾಗೆ ಸಾಲಾಗಿ ಜೋಡಿಸಿ, ಒಂದು ತುದಿಗೆ ಮಾತ್ರ ನಾಲ್ಕು ಕೆಂಡ ಮುಟ್ಟಿಸುತ್ತಿದ್ದ. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಮುಟ್ಟಿಸಿದರೆ, ಕೆಂಡ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಸಂಜೆಯವರೆಗೆ ನಡೆಯುತ್ತಿತ್ತು. ಅದರ ಮೇಲೆ ಮರಳು ತುಂಬಿದ ಪರಾತದ ಅಗಲ ತಟ್ಟೆ, ಮರಳು ನೆನೆಯುವಷ್ಟು ನೀರು, ಆಮೇಲೆ ಮಾಂಸ ಇಡುವ ಕಬ್ಬಿಣದ ಜಾಳಿಗೆ. ನಡುನಡುವೆ ಪೇರಲದ ಒಂದೊಂದು ಒಣ ಚೆಕ್ಕೆ.

“ಬೆಂಕಿ ಏರಾಕತ್ತಿದಾಗನ ಅದರ ಕಿವಿ ಹಿಂಡಬೇಕ್ರಿ,” ಅನ್ನುತ್ತಿದ್ದ. “ಏರಿ ಕುಂತ ಮ್ಯಾಲೆ ನೀವು ಏನ್ ಹೇಳಿದ್ರೂ ಕೇಳಂಗಿಲ್ಲ. ಕಿಂಡಿ ಮುಚ್ಚಿದ್ರ ಬಿಳೇ ಹೊಗಿ ಬಿಟ್ಟ ಮಾಂಸಾ ಕಹಿ ಮಾಡತೈತಿ.” ಹೊಗೆ ಬಿಳಿಯಾಗಿ ದಟ್ಟವಾಗಿ ಬಂದರೆ ಅವನಿಗೆ ಮೈ ಉರಿಯುತ್ತಿತ್ತು. ಕಂಡೂ ಕಾಣದ ಹಾಗೆ, ತೆಳು ನೀಲಿಯಾಗಿ ಬರಬೇಕು. ಯಾರಾದರೂ ಗಿರಾಕಿ ಆಸೆಗೆ ಮುಚ್ಚಳಕ್ಕೆ ಕೈ ಹಾಕಿದರೆ ಮುಗಿಯಿತು. “ಏ ಬಿಡ್ರಿ! ನೋಡೂ ಚಟಾ ಇದ್ದಾವ್ಗ ಇದು ಆಗಂಗಿಲ್ಲ. ಮನ್ಯಾಗ ಹೋಗಿ ಟೀವಿ ನೋಡ್ರಿ!” ಅಂತ ಗದರಿಸುತ್ತಿದ್ದ.

ನನಗೆಂದೇ ಒಂದು ಬೇರೆ ಡಬ್ಬಿ ಇತ್ತು. ಹೊಸ ಎಣ್ಣೆ ಡಬ್ಬಿ ಕೊಂಡು ತಂದು, ಅದಕ್ಕೂ ಕಿಂಡಿ ಕೊಳವೆ ಮಾಡಿ, ಚಪ್ಪರದ ಇನ್ನೊಂದು ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ. ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಬಿಟ್ಟರೆ ಬೇರೇನೂ ಹೋಗುವಂತಿಲ್ಲ. ಆ ಡಬ್ಬಿ ಮುಟ್ಟುವ ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದ. ಇಕ್ಕಳವೂ ಬೇರೆ. “ನಾ ಏನ್ ಕೇಳೇನೇನೋ ಇಷ್ಟೆಲ್ಲಾ?” ಅಂದರೆ, “ನೀವು ಕೇಳಂಗಿಲ್ರಿ, ಅದಕ್ಕ ಮಾಡಬೇಕು,” ಅನ್ನುತ್ತಿದ್ದ. ಆ ಮೆಣಸಿನಕಾಯಿ ಕುಟ್ಟಿದ ಚಟ್ನಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಬೆರಳು ನೆಕ್ಕಿ ತಿಂದಿದ್ದಾರೆ. ಅದು ಯಾರ ಕೈಯದು ಎಂದು ನನ್ನ ಹೆಂಡತಿಗೆ ಗೊತ್ತಿತ್ತು, ಅವಳ ಅತ್ತೆಗೆ ಗೊತ್ತಿರಲಿಲ್ಲ.

ಈ ನಗುವಿನ ಅಡಿಯಲ್ಲಿ ಒಂದು ಸಾವು ಇತ್ತು. ಅದನ್ನು ಹೇಳದೆ ಬಸ್ತ್ಯಾಂವನ ಚಿತ್ರ ಪೂರ್ತಿಯಾಗುವುದಿಲ್ಲ.

ಡ್ರಮ್ಮು ಮಾಡಿದ ಮೊದಲನೇ ಮಳೆಗಾಲ. ಖಾನಾಪುರದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಅಡ್ಡಗಾಳಿ, ಒದ್ದೆ ಇದ್ದಲಿ. ಬೆಂಕಿ ಒಳಗೊಳಗೇ ಕುಗ್ಗಿ ಹೋಗಿತ್ತು, ಇವನಿಗೆ ಜೊಂಪು ಹತ್ತಿತ್ತು. ಎದ್ದಾಗ ಮಾಂಸ ಉಗುರುಬೆಚ್ಚಗೆ ಇತ್ತಂತೆ. ಎಷ್ಟು ಹೊತ್ತಿನಿಂದ ಹಾಗಿತ್ತೋ ದೇವರೇ ಬಲ್ಲ. ಮತ್ತೆ ಕೆಂಡ ಹಾಕಿ ಬೇಯಿಸಿ ಮುಗಿಸಿದ. ಮಾರಲಿಲ್ಲ, ಪುಣ್ಯ. ಮನೆಯಲ್ಲಿ ತಿಂದರು. ಎಲ್ಲರಿಗೂ ವಾಂತಿ ಭೇದಿ. ಉಳಿದವರು ಎದ್ದರು, ಕಾರ್ಮಿನ್ ವೈನಿಯ ತಾಯಿ ಏಳಲಿಲ್ಲ. ವಯಸ್ಸಾಗಿತ್ತು, ಮೊದಲೇ ನಿತ್ರಾಣವಿತ್ತು ಎಂದು ಡಾಕ್ಟರು ಹೇಳಿದರು. ಬಸ್ತ್ಯಾಂವ್ ಆ ಮಾತನ್ನು ಒಂದು ದಿನವೂ ನಂಬಲಿಲ್ಲ. ಬೆಂಕಿ ಕಡಿಮೆಯಾಗಿದ್ದಕ್ಕೆ ಮುದುಕಿ ಸತ್ತಳು, ಅಷ್ಟೇ ಅವನ ತಿಳಿವಳಿಕೆ.

ವೈನಿ ಅತ್ತರು, ಮಣ್ಣು ಮಾಡಿ ಬಂದರು, ಗಂಡನಿಗೆ ಒಂದು ಬೈಗುಳವನ್ನೂ ಹೇಳಲಿಲ್ಲ. ತಿಂಗಳಾದ ಮೇಲೆ ಅವನು ಮತ್ತೆ ಡ್ರಮ್ಮಿನ ಬಳಿ ಹೋದಾಗ ಹಿಂದೆಯೇ ಬಂದು ನಿಂತು ಅಂದರಂತೆ: “ಮಾಡು. ಬ್ಯಾಡ ಅನ್ನಂಗಿಲ್ಲ. ಇನ್ನೊಂದ ಸಲ ನಿನ್ನ ಕೈ ತಪ್ಪಿತಂದ್ರ, ಈ ಡ್ರಮ್ಮ ನಾನ ಮಲಪ್ರಭಾದಾಗ ಒಗದ ಬರ್ತೀನಿ.” ಅಂದಿನಿಂದ ಅವನ ಅಳತೆಗೆ ಜಪ ಸೇರಿತು. ಅಲ್ಲಿಯವರೆಗೆ ಸುಮ್ಮನೆ ಕೈಯಿಟ್ಟು ಅಂದಾಜು ಮಾಡುತ್ತಿದ್ದವನು, ಆಮೇಲೆ ಒಮ್ಮೆಯೂ ಅಂದಾಜು ಮಾಡಲಿಲ್ಲ. ಒಮ್ಮೆಯೂ ಡ್ರಮ್ಮಿನ ಮುಂದೆ ಕಣ್ಣು ಮುಚ್ಚಿ ನಿದ್ದೆ ಹೋಗಲಿಲ್ಲ.

ಈ ಕಥೆ ಕೇಳಿದ ವಾರವೇ ನಾನು ಅಂಗಡಿಯಿಂದ ಒಂದು ಒಳ್ಳೆಯ ಮೀಟರು ತೆಗೆದುಕೊಂಡು ಹೋಗಿ ಅವನ ಕೈಗಿಟ್ಟೆ. “ಮುಚ್ಚಳಕ್ಕ ಒಂದ ತೂತ ಹಾಕಿ ಇದನ್ನ ಕುಂದರ್ಸೋ ಮಾರಾಯಾ. ಆರಾಮ ಕುರ್ಚಿ ಮ್ಯಾಲೆ ಕುಂತ ಮುಳ್ಳ ನೋಡು,” ಅಂದೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಡಬ್ಬಿ ಸಮೇತ ಮೇರಿ ಮಾತೆಯ ಮೂರ್ತಿಯ ಪಕ್ಕ ಇಟ್ಟುಬಿಟ್ಟ! ಅಲ್ಲ, ಇಂಥವನಿಗೆ ಏನು ಹೇಳಬೇಕು? ಪ್ರತಿ ಸಲ ಹೋದಾಗಲೂ ಕೇಳಿದೆ. ಪ್ರತಿ ಸಲವೂ, “ಇರ್ಲಿ ಬಿಡ್ರಿ, ಕೈ ಐತಲ್ಲ,” ಎಂಬ ಉತ್ತರ.

ಹೀಗೆ ವರ್ಷಗಳು ಚೆನ್ನಾಗಿಯೇ ಹೋದವು. ಆಮೇಲೆ ಮಾಂಸ ಕರಕಲಾಗತೊಡಗಿತು.

ಮೊದಲು ಒಂದು ಸಲ, ಆಮೇಲೆ ಎರಡು ಸಲಕ್ಕೊಮ್ಮೆ. ಹೊರಗೆ ಕಪ್ಪು, ಒಳಗೆ ಒಣಕಲು. ಬಸ್ತ್ಯಾಂವ್ ಇದ್ದಲಿಯನ್ನು ಬೈದ. “ಈಗಿನ ಇದ್ದಲಿ ಇದ್ದಲೀನ ಅಲ್ರಿ. ಒಮ್ಮೆ ಸಾಯತೈತಿ, ಒಮ್ಮೆ ಭಗ್ಗ ಅಂತ ಏಳತೈತಿ.” ನಾನು ನಂಬಿದೆ. ಯಾಕೆ ನಂಬಬಾರದು? ಅವನ ಮುಂದೆ ಬೆಂಕಿಯ ಬಗ್ಗೆ ಮಾತಾಡಲು ನಾನು ಯಾರು? ಸ್ಕೂಟರಿನ ಹಿಂದೆ ಅವನನ್ನು ಕೂರಿಸಿಕೊಂಡು ನಂದಗಡಕ್ಕೆ ಹೋದೆ, ಲೋಂಡಾಕ್ಕೆ ಹೋದೆ, ಬೆಳಗಾವಿಯ ಸೌದೆ ಅಡ್ಡೆಗಳನ್ನೆಲ್ಲ ಸುತ್ತಿದೆ. ಅವನು ಒಂದೊಂದು ಇದ್ದಲಿ ಎತ್ತಿ, ಬೆರಳಿನಿಂದ ಬಡಿದು ಕಿವಿ ಹತ್ತಿರ ಹಿಡಿದು, ತಲೆಯಾಡಿಸಿ ಕೆಳಗಿಡುತ್ತಿದ್ದ. ಚೀಲ ಕಟ್ಟಿಸಿಕೊಂಡು ಬಂದ ಇದ್ದಲಿಯಲ್ಲೂ ಮಾಂಸ ಕರಕಲಾಯಿತು.

ಕ್ಯಾಂಪಿನ ಒಬ್ಬ ನಿವೃತ್ತ ಟೀಚರಮ್ಮ ಮೊದಲಿನಿಂದ ಅವನ ಗಿರಾಕಿ. ಒಂದು ದಿನ ನಾನು ಅಲ್ಲಿದ್ದಾಗಲೇ ಆಟೋದಲ್ಲಿ ಬಂದಿಳಿದು, ಡಬ್ಬಿ ತೆರೆದು ಅವನ ಮುಂದೆ ಹಿಡಿದರು. “ಏನ ಇದು ಬಸ್ತ್ಯಾಂವ್? ಮಾಂಸಾ ಕೇಳಿದ್ನೋ, ಚಪ್ಪಲಿ ಕೇಳಿದ್ನೋ? ಹಲ್ಲ ಇದ್ದಾವ್ರಿಗೂ ಕಡ್ಯಾಕ ಆಗಂಗಿಲ್ಲ. ಕೆಲಸದ ಮ್ಯಾಲೆ ಲಕ್ಷ್ಯ ಇಲ್ಲೇನು, ಇಲ್ಲಾ ಕುಡ್ಯಾಕ ಕಲ್ತಿಯೇನು?” ಬಸ್ತ್ಯಾಂವ್ ಹನಿ ಮುಟ್ಟದವನು. ನಾನಾಗಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದೆ. ಅವನು ತಲೆ ಬಗ್ಗಿಸಿ ನಿಂತು, “ತಪ್ಪಾತ್ರಿ ಟೀಚರ. ಮುಂದಿನ ಸಲ ಚಲೋ ಕೊಡ್ತೀನ್ರಿ,” ಅಂದ. ಆಕೆ ಹೋದ ಮೇಲೆ ನಾನು, “ಇಷ್ಟ ಬೈಸ್ಕೊಂಡ ಯಾಕ ಸುಮ್ಮನ ನಿಂತಿ?” ಎಂದು ರೇಗಿದೆ. ಅವನು ಗಾಳಿಕಿಂಡಿಯನ್ನು ಇನ್ನಷ್ಟು ತೆರೆಯುತ್ತ, “ಬೈಲಿ ಬಿಡ್ರಿ, ಹೊಟ್ಟಿಗಿ ಏನೂ ಆಗಂಗಿಲ್ಲ,” ಅಂದ. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ದೀಪಾವಳಿ ಮುಗಿದ ವಾರದಲ್ಲಿ ಒಂದು ಮಧ್ಯಾಹ್ನ ಹೋಗಿದ್ದೆ. ವೈನಿ ಸಂತೆಗೆ ಹೋಗಿದ್ದರು. ದೂರದಿಂದಲೇ ನೋಡಿದೆ, ಕೊಳವೆಯಿಂದ ಹೊಗೆ ಬಿಳಿಯಾಗಿ, ಗುಪ್ಪೆಗುಪ್ಪೆಯಾಗಿ ಬರುತ್ತಿತ್ತು. “ಏನೋ ಇದು, ಬಿಳೇ ಹೊಗಿ?” ಅಂದೆ. “ಇದ್ದಲಿ ಹಸಿ ಐತ್ರಿ,” ಅಂದ, ನನ್ನ ಮುಖ ನೋಡದೆ. ಮುಚ್ಚಳದ ಮಣ್ಣು ಶಾಖಕ್ಕೆ ಸೀಳುಬಿಟ್ಟು, ನಡುವೆ ಒಂದು ಹೆಂಟೆ ಎದ್ದು ಬಿದ್ದು, ಕೆಳಗಿನ ಕಬ್ಬಿಣ ಬರಿದಾಗಿ ಕಾಣುತ್ತಿತ್ತು. ಮಣ್ಣು ಮತ್ತೆ ಮೆತ್ತಬೇಕು ನೋಡು ಎಂದು ನಾನು ಬಾಯಿ ತೆರೆಯುವುದರೊಳಗೆ ಅವನು ಎದ್ದು, ರೂಢಿಯಂತೆ ಕಣ್ಣು ಮುಚ್ಚಿ, ಬಲ ಅಂಗೈಯನ್ನು ಸರಿಯಾಗಿ ಆ ಬರಿಯ ಕಬ್ಬಿಣದ ಮೇಲೆ ಒತ್ತಿದ.

ತುಟಿ ಅಲುಗತೊಡಗಿತು. ನಾನು ಅಂದುಕೊಂಡೆ, ಈಗ ಕಿತ್ತುಕೊಳ್ಳುತ್ತಾನೆ, ಈಗ ಕಿತ್ತುಕೊಳ್ಳುತ್ತಾನೆ. ಜಪ ಮುಗಿಯಿತು. ಕೈ ಏಳಲಿಲ್ಲ. ಕಣ್ಣು ತೆರೆದು, “ನೋಡ್ರಿ, ಇನ್ನೂ ತಣ್ಣಗ ಐತಿ,” ಅಂದವನು ಎರಡನೇ ಜಪ ಶುರು ಮಾಡಿದ.

ಆಗ ವಾಸನೆ ಬಂತು. ಅವನ ಹಿತ್ತಲಿನ ಮಾಂಸದ ವಾಸನೆಗೆ ನನ್ನ ಮೂಗು ಎಂದೋ ಒಗ್ಗಿ ಹೋಗಿತ್ತು. ಇದು ಅದಲ್ಲ. ಕೂದಲು ಸೀದ ಹಾಗೆ, ಅದಕ್ಕಿಂತ ಹೊಲಸು. ನನಗೆ ಅರ್ಥವಾದದ್ದೇ ತಡ, ಚೀರಿಕೊಂಡು ಹೋಗಿ ಅವನ ಮಣಿಕಟ್ಟು ಹಿಡಿದು ಎಳೆದೆ. ಕೈ ಬಂತು, ಅಂಗೈಯ ತೊಗಲು ಬರಲಿಲ್ಲ. ಅದು ಕಬ್ಬಿಣಕ್ಕೇ ಅಂಟಿ ಉಳಿಯಿತು.

ಬಸ್ತ್ಯಾಂವ್ ಕೂಗಲಿಲ್ಲ. ತನ್ನ ಅಂಗೈಯನ್ನು ಬೇರೆ ಯಾರದೋ ಅನ್ನುವ ಹಾಗೆ ತಿರುಗಿಸಿ ನೋಡಿದ. ಆಮೇಲೆ ಥಟ್ಟನೆ ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, “ಕಾರ್ಮಿನ್‌ಗ ಹೇಳಬ್ಯಾಡ್ರಿ,” ಅಂದ. ಮೊದಲು ಬಂದ ಮಾತು ಅದು. ನೀರು ಕೊಡಿ ಅಂತಲ್ಲ, ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಅಂತಲ್ಲ.

ಹೇಳದೆ ಇರುವ ಪ್ರಶ್ನೆಯೇ ಇರಲಿಲ್ಲ. ಸಂತೆಯಿಂದ ಬಂದ ವೈನಿ ಮುಚ್ಚಳದ ಮೇಲೆ ಅಂಟಿದ್ದನ್ನು ಮೊದಲು ನೋಡಿದರು, ಆಮೇಲೆ ಗಂಡನ ಕೈ ನೋಡಿದರು. ಚೀಲ ಅಲ್ಲೇ ಇಳಿಸಿ, ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಬಾಡಿಗೆ ಕಾರಿನಲ್ಲಿ ಬೆಳಗಾವಿಗೆ ಕರೆತಂದೆವು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸಕ್ಕರೆ ಕಾಯಿಲೆ ಮೇಲಕ್ಕೇರಿ ಕೂತಿತ್ತು. ಅದೇ ನರಗಳ ಸ್ಪರ್ಶವನ್ನು ತಿಂದುಹಾಕಿದೆ, ಕೈಗೂ ಕಾಲಿಗೂ ಏನೂ ತಿಳಿಯುತ್ತಿಲ್ಲ ಎಂದರು ಡಾಕ್ಟರು. “ಎಷ್ಟ ದಿನದಿಂದ ಹೀಂಗ?” ಎಂದು ಕೇಳಿದ್ದಕ್ಕೆ, “ಈಗೀಗ ಸಾಹೇಬ್ರ, ಈಗ ಒಂದ ವಾರದಿಂದ,” ಅಂದ ಬಸ್ತ್ಯಾಂವ್. ಗಾಯ ಮಾಯಲಿಲ್ಲ. ಕಪ್ಪಾಯಿತು. ಮೊದಲು ಬೆರಳು ತೆಗೆದರು, ಅಲ್ಲಿಗೂ ನಿಲ್ಲಲಿಲ್ಲ. ಕಡೆಗೆ ಮಣಿಕಟ್ಟಿನಿಂದ ಮೇಲಕ್ಕೆ ತೆಗೆದರು. ಕಾಗದಕ್ಕೆ ವೈನಿಯೇ ಸಹಿ ಹಾಕಿದರು. ಅವರ ಕಣ್ಣಲ್ಲಿ ನೀರು ಕಾಣಲಿಲ್ಲ.

ಡ್ರಮ್ಮನ್ನು ಹೊಳೆಗೆ ಎಸೆಯುತ್ತಾರೆ ಎಂದೇ ನಾನು ತಿಳಿದಿದ್ದೆ. ಎಸೆಯಲಿಲ್ಲ. ಒಪ್ಪಿಕೊಂಡಿದ್ದ ಕ್ರಿಸ್ಮಸ್ಸಿನ ಆರ್ಡರುಗಳಿದ್ದವು, ಮನೆ ನಡೆಯಬೇಕಿತ್ತು. ಒಂದು ದಿನ ವೈನಿ ಮೂರ್ತಿಯ ಪಕ್ಕದಿಂದ ಮೀಟರಿನ ಡಬ್ಬಿ ತೆಗೆದು ತಂದು, “ಇದನ್ನ ಹಚ್ಚಿ ಕೊಡ್ರಿ ಅಣ್ಣಾ,” ಅಂದರು. ವೈನಿ ಮುಚ್ಚಳಕ್ಕೆ ಹೊಸ ಮಣ್ಣು ಮೆತ್ತಿದರು, ನಾನು ತೂತು ಕೊರೆದು ಮೀಟರು ಕೂರಿಸಿದೆ. ಮುಳ್ಳು ಎಲ್ಲಿ ನಿಲ್ಲಬೇಕು ಎಂದು ಬಸ್ತ್ಯಾಂವನಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಜಪ, ಅಂಕಿಯಲ್ಲ. ವೈನಿ ತಮ್ಮ ಅಂಗೈಯಿಟ್ಟು ಅವನ ಜಪ ಹೇಳಿ, ಸರಿ ಅನಿಸಿದಾಗ ಮುಳ್ಳು ಎಲ್ಲಿದೆ ನೋಡಿ, ಗಾಜಿನ ಮೇಲೆ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟರು. ಚುಕ್ಕೆಯ ಹತ್ತಿರ ಬರುವ ಮೊದಲೇ ಕಿಂಡಿ ಸಣ್ಣದು ಮಾಡುವುದನ್ನೂ ಬೇಗ ಕಲಿತರು.

ಬಸ್ತ್ಯಾಂವ್ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಂದೆರಡು ಸಲ ಎದ್ದು ಹೋಗಿ ಎಡಗೈಯನ್ನು ಮುಚ್ಚಳದ ಮೇಲಿಡಲು ನೋಡಿದ. ವೈನಿ ಬೈಯಲಿಲ್ಲ. ಅವನ ಮಣಿಕಟ್ಟು ಹಿಡಿದು ಎತ್ತಿ, ಪಕ್ಕಕ್ಕಿಟ್ಟು, ತಮ್ಮ ಕೆಲಸ ಮುಂದುವರಿಸಿದರು. ಟೀಚರಮ್ಮ ಮತ್ತೆ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡು, “ಹಾಂ, ಈಗ ಮೊದಲಿನ ಹಂಗ ಆತ ನೋಡ ಕಾರ್ಮಿನ್!” ಎಂದು ಜೋರಾಗಿ ಹೊಗಳಿದರು. ಆಕೆಯ ತಪ್ಪೇನಿಲ್ಲ, ಖರೇನೇ ಮೊದಲಿನ ಹಾಗಾಗಿತ್ತು. ಬಸ್ತ್ಯಾಂವ್ ಎದ್ದು ಒಳಗೆ ಹೋದ. ಆ ದಿನ ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವನು ಹೋದ. ಕಾಲಿಗೆ ಏನೋ ಚುಚ್ಚಿತ್ತು, ಅದೂ ತಿಳಿಯಲಿಲ್ಲ. ನಂಜು ಮೈಗೇರಿತು. ಖಾನಾಪುರದ ಇಗರ್ಜಿಯ ಹಿಂದೆ, ಕೊಡೆ ಹಿಡಿದು ನಿಂತು ಮಣ್ಣು ಹಾಕಿ ಬಂದೆ. ಮನೆಗೆ ಬಂದು ತಲೆಯ ಮೇಲೆ ನೀರು ಹೊಯ್ದುಕೊಳ್ಳುವಾಗ ಅತ್ತೆ. ಐವತ್ತು ದಾಟಿದ ಮೇಲೆ ಹಾಗೆ ದನಿ ತೆಗೆದು ಅತ್ತದ್ದು ಅದೊಂದೇ ಸಲ.

ನಾನು ಹೇಳಬೇಕಾದದ್ದು ಅದಕ್ಕೂ ಕೆಲವು ವಾರ ಮೊದಲಿನದು, ನಮ್ಮ ಕಡೆಯ ಭೇಟಿ. ಮಳೆ ಇನ್ನೂ ಹಿಡಿದಿರಲಿಲ್ಲ. ವೈನಿ ಇಗರ್ಜಿಗೆ ಹೋಗಿದ್ದರು, ಡ್ರಮ್ಮು ಆರಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಮಾತಿಗೆ, ಆ ವರ್ಷ ಇದ್ದಲಿಗಾಗಿ ಎಷ್ಟು ಅಲೆದೆವಲ್ಲೋ ಅಂದೆ. ಅವನು ಆರಿದ ಡ್ರಮ್ಮಿನ ಕಡೆ ನೋಡಿದ.

“ಇದ್ದಲಿ ಚಲೋನ ಇತ್ರಿ, ಜಿನ್ನಪ್ಪಣ್ಣಾರ.”

“ಅಂದ್ರ?”

“ಸುಡೂಕಿಂತ ಮೊದಲನ ಕೈ ಸತ್ತ ಎರಡ ಮಳಿಗಾಲ ಆಗಿತ್ತ್ರಿ. ಡಾಕ್ಟರಗ ಸುಳ್ಳ ಹೇಳಿದೆ.”

ಅವನೇ ಹೇಳುತ್ತ ಹೋದ. ಮೊದಲು ಬೆರಳ ತುದಿ ಜುಮುಜುಮು ಅಂದಿತಂತೆ. ಆಮೇಲೆ ಅಂಗೈ ಗೋಣಿಚೀಲ ಸುತ್ತಿದ ಹಾಗಾಯಿತಂತೆ. ಆಮೇಲೆ ಏನೂ ಇಲ್ಲ. ಡ್ರಮ್ಮಿನ ಮೇಲೆ ಕೈಯಿಡುವುದು, ಜಪ ಹೇಳುವುದು, ಆಮೆನ್ ಅಂದು ಎತ್ತುವುದು, ಎಲ್ಲ ವೈನಿಯ ಕಣ್ಣಿಗೆಂದು, ನನ್ನ ಕಣ್ಣಿಗೆಂದು. ಆ ದಿನ ಇದ್ದಲಿ ಹಸಿ ಅಂದದ್ದು ನನಗೆ ನಿಜವೆನಿಸಲಿ ಎಂದು ಎರಡನೇ ಜಪ ಹಿಡಿದನಂತೆ, ಮಣ್ಣು ಬಿದ್ದು ಕಬ್ಬಿಣ ಬರಿದಾದದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಮತ್ತ ಕಿಂಡಿ ಯಾಕ ಅಷ್ಟ ತಗೀತಿದ್ದಿ? ಎಲ್ಲಾ ಸುಟ್ಟ ಕರಕ ಆತಲ್ಲೋ!”

“ಕೈಗಿ ಏನೂ ತಿಳೀತಿದ್ದಿಲ್ರಿ. ಬೆಂಕಿ ಕಮ್ಮಿ ಆದ್ರ ಮಂದಿ ಸಾಯ್ತಾರ, ಹೆಚ್ಚಾದ್ರ ಬೈತಾರ. ಬೈಸ್ಕೊಂಡೆ.”

“ನನ್ನ ಮೀಟರ್ ಇತ್ತಲ್ಲೋ, ಹುಚ್ಚಾ! ದೇವರ ಬಾಜೂಕ ಇಟ್ಟಿದ್ದಿಯಲ್ಲ!”

“ಮೀಟರ್ ಹಚ್ಚಿದ್ರ, ಇಷ್ಟ ದಿನಾ ಬ್ಯಾಡಾಗಿದ್ದು ಈಗ ಯಾಕಂತ ಕೇಳತಿದ್ದಳು. ಅಕಿ ಮುಂದ ಸುಳ್ಳ ನಿಂದ್ರಂಗಿಲ್ರಿ.”

ಸಿಟ್ಟು ನನ್ನ ನೆತ್ತಿಗೇರಿತು. ಸುಳ್ಳಿಗಾಗಿ ಊರೂರು ಅಲೆದಾಡಿಸಿದ್ದಕ್ಕಲ್ಲ. ಅವನ ಮೊಂಡುಗೈ ಮಡಿಲಲ್ಲಿ ಬಿದ್ದುಕೊಂಡಿತ್ತಲ್ಲ, ಅದನ್ನು ನೋಡಿ. “ಮೊದಲ ಹೇಳಿದ್ರ ಔಷಧ ಕೊಡ್ತಿದ್ರು, ಕೈ ಉಳೀತಿತ್ತಲ್ಲೋ!” ಎಂದು ಕೂಗಿಯೇ ಬಿಟ್ಟೆ.

“ಕೈ ಉಳೀತಿತ್ರಿ,” ಅಂದ ಬಸ್ತ್ಯಾಂವ್. “ಆ ಎರಡ ವರ್ಷ ನನ್ನ ಡ್ರಮ್ಮಿನ ಮುಂದ ಕುಂದರಾಕ ಬಿಡ್ತಿದ್ರೇನು?”

ಬಿಡುತ್ತಿರಲಿಲ್ಲ. ವೈನಿಗಿಂತ ಮೊದಲು ನಾನೇ ಬಿಡುತ್ತಿರಲಿಲ್ಲ.